ಲೋಹ ಕಳೆದುಕೊಂಡ ನಕ್ಷತ್ರ: ರೋಹಿತದ ದೋಷ ಹುಡುಕುವವರಿಗೆ ಒಂದು ಕೈಪಿಡಿ

ಜನವರಿಯ ಒಂದು ರಾತ್ರಿ ಎರಡೂವರೆ ಗಂಟೆಗೆ ತುಮಕೂರಿನ ನಮ್ಮ ಮನೆಯ ತಾರಸಿಯಿಂದ ನಾನೂ ನನ್ನ ವಿದ್ಯಾರ್ಥಿಗಳೂ ‘ಬಿಭಾ’ ನಕ್ಷತ್ರದ ರೋಹಿತ, ಅಂದರೆ ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆದೆವು. ಮರುದಿನ ಲೆಕ್ಕಕ್ಕೆ ಕುಳಿತಾಗ ಲೋಹಾಂಶ (ಸೂರ್ಯನದನ್ನು ಸೊನ್ನೆ ಎಂದು ಹಿಡಿದ ಲಾಗರಿದಮ್ ಅಳತೆ) ಮೈನಸ್ 0.3 ಎಂದು ಬಂತು. ಅಂದರೆ ಸೂರ್ಯನಲ್ಲಿರುವ ಕಬ್ಬಿಣದ ಅರ್ಧ ಪಾಲು. ದೊಡ್ಡ ದೂರದರ್ಶಕಗಳಲ್ಲಿ ಇದೇ ನಕ್ಷತ್ರವನ್ನು ಅಳೆದವರು ಕೊಟ್ಟಿರುವ ಸಂಖ್ಯೆ ಪ್ಲಸ್ 0.26, ಸೂರ್ಯನ ಸುಮಾರು 1.8 ಪಟ್ಟು. ನಮ್ಮ ಉಪಕರಣದಲ್ಲಿ 0.2ರಷ್ಟು ಆಚೀಚೆ ಆಗುವುದು ಸಹಜ. ಆದರೆ ಇಲ್ಲಿ ಅಂತರ 0.5ನ್ನೂ ಮೀರಿತ್ತು. ಎಲ್ಲೋ ದೋಷವಿತ್ತು. ಅದನ್ನು ಹಿಡಿದು, ಸರಿಪಡಿಸಿ, ಮತ್ತೆ ಅಳೆಯಲು ಹದಿನೇಳು ದಿನ ಬೇಕಾಯಿತು. ಆ ಹುಡುಕಾಟದ ಕ್ರಮವನ್ನೂ, ಮೊದಲಿನಿಂದ ನಾವು ಎಡವಿದ ಬೇರೆ ಕಲ್ಲುಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಬಿಭಾ ಎಂದರೆ ಎಚ್‌ಡಿ 86081. ಸೆಕ್ಸ್‌ಟನ್ಸ್ ನಕ್ಷತ್ರಪುಂಜದಲ್ಲಿದೆ, ಕಾಂತಿಮಾನ 8.7 (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು), ಬರಿಗಣ್ಣಿಗೆ ಕಾಣುವುದಿಲ್ಲ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದೊಂದು ದೇಶಕ್ಕೆ ಒಂದೊಂದು ನಕ್ಷತ್ರ ಮತ್ತು ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಾಗ ಭಾರತ ಆರಿಸಿದ ಹೆಸರು ಇದು. ವಿಶ್ವಕಿರಣಗಳ ವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಇಟ್ಟದ್ದು. ಅವರು ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಪ್ರಯೋಗಗಳಲ್ಲೂ ತೊಡಗಿಕೊಂಡಿದ್ದವರು. ಹಾಗಾಗಿ ಈ ನಕ್ಷತ್ರದ ಮೇಲೆ ನಮ್ಮ ಕಡೆಯವರಿಗೆ ಸ್ವಲ್ಪ ಹೆಚ್ಚೇ ಮಮತೆ. ಅದರ ಗ್ರಹಕ್ಕೆ ‘ಸಂತಮಸ’ ಎಂದು ಹೆಸರು. ಗುರುಗ್ರಹದ ಕನಿಷ್ಠ ಒಂದೂವರೆ ಪಟ್ಟು ತೂಗುವ ಆ ಗ್ರಹ ಎರಡು ದಿನ ಮೂರು ಗಂಟೆಗೊಮ್ಮೆ ನಕ್ಷತ್ರವನ್ನು ಸುತ್ತುತ್ತದೆ.

ಈ ಗ್ರಹ 2006ರಲ್ಲಿ ಸಿಕ್ಕಿದ್ದು ‘ಎನ್-ಟು-ಕೆ’ ಎಂಬ ಸಮೀಕ್ಷೆಯಲ್ಲಿ. ಆ ಸಮೀಕ್ಷೆಯವರು ಸಿಕ್ಕಿದ ನಕ್ಷತ್ರವನ್ನೆಲ್ಲ ಹಿಂಬಾಲಿಸಲಿಲ್ಲ. ಲೋಹ ಹೆಚ್ಚಿರುವ ನಕ್ಷತ್ರಗಳ ಹತ್ತಿರ ದೊಡ್ಡ ಗ್ರಹಗಳು ಹೆಚ್ಚಾಗಿ ಸಿಗುತ್ತವೆ ಎಂಬುದು ಆ ಹೊತ್ತಿಗೆ ಗೊತ್ತಾಗಿತ್ತು. ಆದ್ದರಿಂದ ಮೊದಲು ಲೋಹಾಂಶ ನೋಡಿ ಆರಿಸಿಕೊಂಡು, ಅಂಥವುಗಳ ಕಡೆಗೇ ದೊಡ್ಡ ದೂರದರ್ಶಕ ತಿರುಗಿಸಿದರು. ನಮ್ಮ ತಾರಸಿಯ ಮೇಲಿದ್ದ ದೋಷ ಅವರ ಜರಡಿಯಲ್ಲಿ ಇದ್ದಿದ್ದರೆ ಬಿಭಾ ಪಟ್ಟಿಯಿಂದ ಉದುರಿಹೋಗುತ್ತಿತ್ತು. ಯಾರೂ ಸಂತಮಸವನ್ನು ಹುಡುಕುತ್ತಲೇ ಇರಲಿಲ್ಲ. ಹೊರಗ್ರಹದ ಮಾತು ಶುರುವಾಗುವ ಮೊದಲೇ ನಕ್ಷತ್ರದ ರೋಹಿತ ಸರಿಯಿರಬೇಕು ಎಂದು ನಾನು ಮಕ್ಕಳಿಗೆ ಮತ್ತೆ ಮತ್ತೆ ಹೇಳುವುದು ಇದಕ್ಕೆ.

ನಮ್ಮ ಸಲಕರಣೆ ಇಷ್ಟು: ಎಂಟು ಅಂಗುಲದ, ಒಂದು ಮೀಟರ್ ನಾಭಿದೂರದ ದರ್ಪಣ ದೂರದರ್ಶಕ, ತ್ರೀಡಿ ಪ್ರಿಂಟರಿನಲ್ಲಿ ಮಾಡಿಸಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿದ ರೋಹಿತದರ್ಶಕ, ಬೆಳಕು ಒಳಹೋಗಲು 23 ಮೈಕ್ರಾನ್ ಅಗಲದ ಸೀಳು (ಸ್ಲಿಟ್), ಕಪ್ಪುಬಿಳುಪು ಕ್ಯಾಮೆರಾ, ತರಂಗದೂರ ಗುರುತಿಸಲು ಒಂದು ನಿಯಾನ್ ದೀಪ. ಹತ್ತಿರದ ಬಣ್ಣಗಳನ್ನು ಬೇರ್ಪಡಿಸಿ ತೋರಿಸುವ ವಿಭೇದನ ಸಾಮರ್ಥ್ಯ ಸುಮಾರು 600. ಲಡಾಖಿನ ಹಾನ್ಲೆಯ ಎಷೆಲ್ (ರೋಹಿತವನ್ನು ತುಂಡುತುಂಡಾಗಿ, ಬಹಳ ಸೂಕ್ಷ್ಮವಾಗಿ ಬಿಡಿಸುವ) ರೋಹಿತದರ್ಶಕದ್ದು 60,000, ಮೌಂಟ್ ಅಬುವಿನ ಪಾರಸ್‌ದು 67,000, ಚಿಲಿಯ ಹಾರ್ಪ್ಸ್‌ದು 1,15,000. ನಮ್ಮದರಲ್ಲಿ ಹತ್ತು ಆಂಗ್‌ಸ್ಟ್ರಾಂಗಿಂತ ಹತ್ತಿರ ಇರುವ ಎರಡು ರೇಖೆಗಳು (ರೋಹಿತದ ಕಪ್ಪು ಗೆರೆಗಳು) ಬೆರೆತು ಒಂದಾಗಿ ಕಾಣುತ್ತವೆ; ಆಂಗ್‌ಸ್ಟ್ರಾಂ ಎಂದರೆ ತರಂಗದೂರದ ಅಳತೆ, ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಆದರೂ ನಕ್ಷತ್ರದ ಬಗೆ, ಸುಮಾರಾದ ತಾಪ, ದೈತ್ಯವೋ (ಉಬ್ಬಿದ ಮುದಿ ನಕ್ಷತ್ರ) ಕುಬ್ಜವೋ (ಸೂರ್ಯನಂಥದ್ದು), ಲೋಹ ಹೆಚ್ಚೋ ಕಡಿಮೆಯೋ ಎಂಬಷ್ಟನ್ನು ಹೇಳಬಹುದು. ಇದಕ್ಕೆ ‘ಮೈಲ್ಸ್’ ಎಂಬ 985 ನಕ್ಷತ್ರಗಳ ರೋಹಿತ ಸಂಗ್ರಹವನ್ನು ನಮ್ಮ ಉಪಕರಣದ ಮಟ್ಟಕ್ಕೆ ಮಸುಕಾಗಿಸಿ, ಯಾವುದಕ್ಕೆ ಹೋಲುತ್ತದೆ ಎಂದು ತಾಳೆ ನೋಡುತ್ತೇವೆ. ‘ನಮ್ಮ ಉಪಕರಣದ ಮಟ್ಟಕ್ಕೆ’ ಎಂಬ ಮಾತನ್ನು ದಯವಿಟ್ಟು ನೆನಪಿಡಿ. ದೋಷ ಅಡಗಿದ್ದದ್ದು ಅಲ್ಲಿಯೇ.

ಮೊದಲು: ಇದು ಅದೇ ನಕ್ಷತ್ರವೇ?

ಇದನ್ನು ಕೇಳಲು ಸಂಕೋಚ ಬೇಡ. ದರ್ಪಣದಲ್ಲಿ ಎಡಬಲ ತಿರುಗುಮುರುಗಾದ ಆಕಾಶದಲ್ಲಿ ಒಂಬತ್ತನೆಯ ಕಾಂತಿಮಾನದ ಚುಕ್ಕೆಗಳು ಒಂದರ ಹಾಗೆ ಇನ್ನೊಂದು ಇರುತ್ತವೆ. ಸ್ಲಿಟ್ ತೋರಿಸುವ ಕ್ಯಾಮೆರಾದ ಚಿತ್ರವನ್ನು ಪ್ರತಿ ಸಲ ಉಳಿಸಿ, ನಕ್ಷೆಯೊಂದಿಗೆ ಹೋಲಿಸಿ. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಕುಂದುವುದನ್ನು ಹುಡುಕುವ ಟೆಸ್ ಉಪಗ್ರಹದ ಪಟ್ಟಿಯಿಂದ ನಕ್ಷತ್ರ ಆರಿಸಿಕೊಂಡವರು ಇನ್ನೂ ಎಚ್ಚರವಾಗಿರಬೇಕು. ಅದರ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಅಗಲ. ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಅಷ್ಟರೊಳಗೆ ಎರಡು ಮೂರು ನಕ್ಷತ್ರಗಳು ಕುಳಿತಿರಬಹುದು. ಬೆಳಕು ಕುಂದಿದ್ದು ಒಂದರದ್ದಾಗಿ, ನೀವು ರೋಹಿತ ತೆಗೆದದ್ದು ಮತ್ತೊಂದರದ್ದಾದರೆ ಮುಂದಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಉತ್ತರ ಗೊತ್ತಿರುವ ನಕ್ಷತ್ರದ ಮೇಲೆ ಪರೀಕ್ಷೆ

ಯಾವ ನಕ್ಷತ್ರದ ಬಗ್ಗೆ ಸಂಶಯವಿದೆಯೋ ಅದನ್ನೇ ಕೆದಕುತ್ತ ಕೂರಬೇಡಿ. ಉತ್ತರ ನಿಸ್ಸಂಶಯವಾಗಿ ಗೊತ್ತಿರುವ ಒಂದು ನಕ್ಷತ್ರ ನಮಗಿದೆ: ಸೂರ್ಯ. ಮೇಲ್ಮೈ ತಾಪ 5772 ಕೆಲ್ವಿನ್, ಮೇಲ್ಮೈ ಗುರುತ್ವದ ಲಾಗರಿದಮ್ 4.44, ಲೋಹಾಂಶ ಸೊನ್ನೆ. ಆ ಅಳತೆಗೋಲಿನ ಸೊನ್ನೆಯೇ ಸೂರ್ಯ. ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ಆಂಟೆನಾಗಳು ಸೂರ್ಯನ ರೇಡಿಯೊ ಅಲೆಗಳನ್ನು ದಾಖಲಿಸುವುದನ್ನು ನೋಡಿ ಬಂದ ಮೇಲೆ ನಮ್ಮ ಮಕ್ಕಳಿಗೆ ‘ಸೂರ್ಯನೂ ಒಂದು ನಕ್ಷತ್ರ’ ಎಂಬ ಪಾಠ ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಬೇಡಿ. ಕಣ್ಣೂ ಹೋಗುತ್ತದೆ, ಕ್ಯಾಮೆರಾವೂ ಹೋಗುತ್ತದೆ. ಬೆಳದಿಂಗಳು ಇದ್ದೇ ಇದೆಯಲ್ಲ. ಚಂದ್ರನಿಂದ ಬರುವುದು ಸೂರ್ಯನದೇ ಬೆಳಕು. ಒಟ್ಟಾರೆ ಬಣ್ಣ ಸ್ವಲ್ಪ ಕೆಂಪಿಗೆ ವಾಲಿರುತ್ತದೆ, ಆದರೆ ರೇಖೆಗಳು ಸೂರ್ಯನವೇ. ಆ ರೋಹಿತವನ್ನು ನಕ್ಷತ್ರದ್ದೆಂದೇ ಭಾವಿಸಿ, ಅದೇ ತಂತ್ರಾಂಶಕ್ಕೆ, ಅದೇ ಹಂತಗಳಲ್ಲಿ ಉಣಿಸಿ. 5772ರ ಆಸುಪಾಸು ಬಂದರೆ ಮುಂದುವರಿಯಿರಿ.

ಒಂದು ಎಚ್ಚರಿಕೆ. ಚಂದ್ರ ಸ್ಲಿಟ್‌ನ ಅಗಲವನ್ನೆಲ್ಲ ತುಂಬುತ್ತದೆ, ನಕ್ಷತ್ರ ತುಂಬುವುದಿಲ್ಲ. ನಮ್ಮ ಸ್ಲಿಟ್ ಆಕಾಶದಲ್ಲಿ 4.7 ಆರ್ಕ್‌ಸೆಕೆಂಡ್ ಅಗಲ; ಗಾಳಿ ನೆಟ್ಟಗಿರುವ ರಾತ್ರಿ ನಕ್ಷತ್ರದ ಬಿಂಬ ಮೂರರ ಆಸುಪಾಸು. ಆದ್ದರಿಂದ ನಕ್ಷತ್ರದ ರೇಖೆಗಳು ಬೆಳದಿಂಗಳಿನ ರೇಖೆಗಳಿಗಿಂತ ಕೊಂಚ ಚೂಪಾಗಿರಬೇಕು. ಉಲ್ಟಾ ಆಗಿದ್ದರೆ ಅಲ್ಲೇ ನಿಂತು ಯೋಚಿಸಿ.

ನಮ್ಮ ವಿಷಯದಲ್ಲಿ ಆದದ್ದು ಇದು. ಅಂದು ಶುಕ್ಲ ಪಕ್ಷದ ಅಷ್ಟಮಿ. ಸಂಜೆ ಏಳೂವರೆಗೆ ಚಂದ್ರ ನೆತ್ತಿಯ ಹತ್ತಿರ ಇದ್ದ. ಪರೀಕ್ಷೆ ಮಾಡಿದೆವು, ತಾಪ 5800, ಲೋಹಾಂಶ ಸೊನ್ನೆಗೆ ಹತ್ತಿರ. ಉಪಕರಣ ಸರಿಯಿದೆ ಎಂದು ನೆಮ್ಮದಿಯಾಯಿತು. ನಡುರಾತ್ರಿ ಚಂದ್ರ ಮುಳುಗಿದ ಮೇಲೆ, ಬಿಭಾ ನೆತ್ತಿಗೆ ಏರುವವರೆಗೆ ಕಾದೆವು. ಏಳೂವರೆಯ ಪ್ರಮಾಣಪತ್ರ ಎರಡೂವರೆಗೂ ನಡೆಯುತ್ತದೆ ಎಂದುಕೊಂಡದ್ದೇ ನಮ್ಮ ತಪ್ಪು.

ರೇಖೆಗಳು ಆಳ ಕಳೆದುಕೊಂಡಿದ್ದರೆ

ಲೋಹ ಕಡಿಮೆ ಎಂದು ತಂತ್ರಾಂಶ ಹೇಳುವುದು ಕಬ್ಬಿಣ, ಮೆಗ್ನೀಸಿಯಂ ಮುಂತಾದವುಗಳ ಹೀರಿಕೆ ರೇಖೆಗಳು ಆಳವಿಲ್ಲದೆ ಕಂಡಾಗ. ಆಳ ಕಡಿಮೆಯಾಗಲು ಕಾರಣ ಹಲವು, ಮತ್ತು ಹೆಚ್ಚಿನವು ನಕ್ಷತ್ರದಲ್ಲಿ ಇರುವುದೇ ಇಲ್ಲ. ಬೇರೆ ಬೇರೆ ಮಾಡುವ ಬಗೆ ಹೀಗೆ.

ಮೊದಲು ಜಲಜನಕದ ರೇಖೆಗಳನ್ನು ನೋಡಿ: 6563 ಮತ್ತು 4861 ಆಂಗ್‌ಸ್ಟ್ರಾಂ. ಸೂರ್ಯನಂಥ ನಕ್ಷತ್ರ ನಿಜಕ್ಕೂ ಇನ್ನಷ್ಟು ಬಿಸಿಯಾಗಿದ್ದರೆ ಲೋಹದ ರೇಖೆಗಳು ತೆಳುವಾಗುತ್ತ ಜಲಜನಕದವು ಆಳವಾಗುತ್ತವೆ. ತಾಪ ಅಷ್ಟೇ ಇದ್ದು ಲೋಹ ಮಾತ್ರ ಕಡಿಮೆಯಿದ್ದರೆ ಲೋಹದವು ತೆಳುವಾಗಿ, ಜಲಜನಕದವು ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತವೆ. ಎರಡೂ ಒಟ್ಟಿಗೆ ತೆಳುವಾಗಿದ್ದರೆ ನಕ್ಷತ್ರವನ್ನು ಬಿಟ್ಟು ಉಪಕರಣದ ಕಡೆ ತಿರುಗಿ. ಬಿಭಾದಲ್ಲಿ 5170ರ ಬಳಿಯ ಮೆಗ್ನೀಸಿಯಂ ಗುಂಪಿನ ಆಳ ಇರಬೇಕಾದ್ದಕ್ಕಿಂತ ಕಾಲು ಭಾಗ ಕಡಿಮೆ ಇತ್ತು. 4861ರ ರೇಖೆಯೂ ಹಾಗೆಯೇ ಸೊರಗಿತ್ತು.

ನನ್ನ ಮೊದಲ ಅನುಮಾನ ಬೀದಿದೀಪದ ಮೇಲೆ ಹೋಯಿತು. ನಮ್ಮ ಬೀದಿಯಲ್ಲಿ ಸೋಡಿಯಂ ದೀಪಗಳು ಹೋಗಿ ಎಲ್‌ಇಡಿ ಬಂದಿವೆ. ಸೋಡಿಯಂ ದೀಪದ ಬೆಳಕು ಬಹುಪಾಲು ಹಳದಿಯ ಸುತ್ತಮುತ್ತ ಇರುತ್ತಿತ್ತು, ಗುರುತು ಹಿಡಿಯುವುದು ಸುಲಭ. ಎಲ್‌ಇಡಿಯದು 4500ರ ಬಳಿ ಒಂದು ನೀಲಿ ಗುಡ್ಡ, ಆಮೇಲೆ ಹಸಿರು ಹಳದಿಯವರೆಗೆ ಅಗಲವಾದ ದಿಬ್ಬ. ಅದು ನಕ್ಷತ್ರದ ರೋಹಿತದ ಕೆಳಗೆ ಸದ್ದಿಲ್ಲದೆ ಸೇರಿಕೊಂಡು ರೇಖೆಗಳ ಕಣಿವೆಯನ್ನು ತುಂಬಿಬಿಡುತ್ತದೆ. ಅನುಮಾನ ನ್ಯಾಯವಾಗಿಯೇ ಇತ್ತು. ಆದರೆ ಲೆಕ್ಕ ಒಪ್ಪಲಿಲ್ಲ. ಊರಿನ ಆಕಾಶದ ಹೊಳಪನ್ನು ಚದರ ಆರ್ಕ್‌ಸೆಕೆಂಡಿಗೆ 18ನೆಯ ಕಾಂತಿಮಾನ ಎಂದು ಹಿಡಿಯಿರಿ. ಐದು ಆರ್ಕ್‌ಸೆಕೆಂಡ್ ಅಗಲದ ಸ್ಲಿಟ್‌ನಲ್ಲಿ ಹತ್ತು ಆರ್ಕ್‌ಸೆಕೆಂಡ್ ಎತ್ತರವನ್ನು ಕೂಡಿಸಿದರೆ 50 ಚದರ ಆರ್ಕ್‌ಸೆಕೆಂಡ್. ಒಟ್ಟು ಆಕಾಶದ ಬೆಳಕು 13.7ನೆಯ ಕಾಂತಿಮಾನದಷ್ಟು. ಬಿಭಾ 8.7. ಐದು ಕಾಂತಿಮಾನಗಳ ಅಂತರ ಎಂದರೆ ನೂರು ಪಟ್ಟು. ಬೀದಿದೀಪದ ಪಾಲು ನೂರಕ್ಕೆ ಒಂದು. ಅದನ್ನು ಕಳೆಯುವುದನ್ನು ಪೂರಾ ಮರೆತರೂ ರೇಖೆಯ ಆಳ ಕಾಲು ಭಾಗ ಕುಗ್ಗುವುದಿಲ್ಲ. 12ನೆಯ ಕಾಂತಿಮಾನದ ನಕ್ಷತ್ರವಾಗಿದ್ದರೆ ಮಾತೇ ಬೇರೆ. ಅಲ್ಲಿ ಇದೇ ಆಕಾಶ ನೂರಕ್ಕೆ ಇಪ್ಪತ್ತರಷ್ಟಾಗುತ್ತದೆ. ಮಂಕು ನಕ್ಷತ್ರ ಹಿಡಿಯುವವರು ದೇವರಾಯನದುರ್ಗದ ಕಡೆ ಹೋಗುವುದೇ ಮೇಲು.

ಎರಡನೆಯ ಅನುಮಾನ ಹಿನ್ನೆಲೆ ಕಳೆಯುವ ಕಿಟಕಿಗಳ ಮೇಲೆ. ನಕ್ಷತ್ರದ ಗೆರೆಯ ಮೇಲೂ ಕೆಳಗೂ ಖಾಲಿ ಆಕಾಶದ ಪಟ್ಟಿ ಆರಿಸಿ ಅದನ್ನು ಕಳೆಯುತ್ತೇವೆ. ಆ ಪಟ್ಟಿಯಲ್ಲಿ ಬೇರೆ ನಕ್ಷತ್ರ ಬಿದ್ದಿದ್ದರೆ ಅತಿಯಾಗಿ ಕಳೆದು ರೇಖೆಗಳು ಅಗತ್ಯಕ್ಕಿಂತ ಆಳವಾಗಬಹುದು. ನಮ್ಮ ತೊಂದರೆಗೆ ಇದು ಉಲ್ಟಾ. ಬಿಟ್ಟೆವು.

ಮೂರನೆಯದು ನಿರಂತರ ರೋಹಿತದ ಗೆರೆ. ರೇಖೆಯ ಆಳವನ್ನು ಎಲ್ಲಿಂದ ಅಳೆಯಬೇಕು ಎಂಬ ಮೇಲಿನ ಅಂಚನ್ನು ನಾವೇ ಎಳೆಯಬೇಕು. ನೀಲಿ ಕಡೆ ರೇಖೆಗಳು ಗಿಜಿಗುಟ್ಟಿರುವುದರಿಂದ ಆ ಅಂಚು ಕೆಳಗಿಳಿದುಬಿಡುತ್ತದೆ. ಎಲ್ಲ ರೇಖೆಗಳೂ ಗಿಡ್ಡವಾಗುತ್ತವೆ. ತಂತ್ರಾಂಶ ತಾನೇ ಎಳೆದ ಗೆರೆಯನ್ನು ಕಣ್ಣಾರೆ ನೋಡದೆ ಒಪ್ಪಬೇಡಿ. ಬೆಳದಿಂಗಳಿಗೂ ಬಿಭಾಕ್ಕೂ ಅವವೇ ಬಿಂದುಗಳಲ್ಲಿ ಕೈಯಿಂದ ಗೆರೆ ಎಳೆದು ನೋಡಿದೆವು. ಮೈನಸ್ 0.3 ಇದ್ದದ್ದು ಮೈನಸ್ 0.25 ಆಯಿತು. ಅಷ್ಟೇ.

ಹೀಗೆ ಒಂದು ವಾರ ಕಳೆಯಿತು. ಗಂಟು ಬಿಡಿಸಿದ್ದು ಶಿರಾ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ. ಎರಡೂ ರೋಹಿತಗಳನ್ನು ಒಂದರ ಮೇಲೊಂದು ಮುದ್ರಿಸಿ, ಕೆಂಪು ತುದಿಯಲ್ಲಿ ಬೆರಳಿಟ್ಟು ಕೇಳಿದಳು: ‘ಮೇಡಂ, ನಕ್ಷತ್ರದಲ್ಲಿ ಲೋಹ ಕಡಿಮೆ ಇರಬಹುದು, ಸರಿ. ಆದರೆ ನಮ್ಮೂರಿನ ಗಾಳಿಯಲ್ಲಿ ಆಮ್ಲಜನಕ ಏಕೆ ಕಡಿಮೆಯಾಯಿತು?’

ಅವಳ ಬೆರಳು ಇದ್ದದ್ದು 6870 ಆಂಗ್‌ಸ್ಟ್ರಾಂ ಬಳಿ. ಅಲ್ಲಿರುವ ಹೀರಿಕೆ ಪಟ್ಟಿ ನಕ್ಷತ್ರದ್ದಲ್ಲ, ಭೂಮಿಯ ವಾತಾವರಣದ ಆಮ್ಲಜನಕದ್ದು. 7600ರ ಬಳಿ ಇನ್ನೂ ಗಾಢವಾದ ಇನ್ನೊಂದಿದೆ. ಸಾಮಾನ್ಯವಾಗಿ ಇವನ್ನು ಕಸವೆಂದು ಮುಚ್ಚಿಟ್ಟು ಲೆಕ್ಕ ಮಾಡುತ್ತೇವೆ. ಚಂದ್ರನೂ ಬಿಭಾವೂ ಎರಡೂ ನೆತ್ತಿಯ ಹತ್ತಿರವೇ ಇದ್ದವು, ನಡುವಿನ ಗಾಳಿಯ ದಪ್ಪ ಒಂದೇ. ಆ ಪಟ್ಟಿಯ ಆಳ ಎರಡರಲ್ಲೂ ಒಂದೇ ಇರಬೇಕು. ಬಿಭಾದಲ್ಲಿ ಅದೂ ಸೊರಗಿತ್ತು. ಆ ಹುಡುಗಿ ತೋರಿಸಿದ್ದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಇಂದಿಗೂ ಗೊತ್ತಿಲ್ಲ: ರೇಖೆ ತೆಳುವಾಗಿದೆ ಎನಿಸಿದ ಕೂಡಲೇ ಆಮ್ಲಜನಕದ ಪಟ್ಟಿ ನೋಡಿ. ಅದು ಸರಿಯಿದ್ದರೆ ಬದಲಾವಣೆ ನಕ್ಷತ್ರದಲ್ಲಿದೆ. ಅದೂ ತೆಳುವಾಗಿದ್ದರೆ ನಿಮ್ಮ ಪೆಟ್ಟಿಗೆಯಲ್ಲಿದೆ.

ಮುಂದಿನ ಪ್ರಶ್ನೆ: ಪಟ್ಟಿಯೊಳಗೆ ಹೊರಗಿನ ಬೆಳಕು ತುಂಬಿಕೊಂಡಿದೆಯೋ, ಅಥವಾ ಪಟ್ಟಿಯೇ ಹರಡಿಕೊಂಡಿದೆಯೋ? ಒಂದು ಪಾವು ನೀರನ್ನು ಲೋಟಕ್ಕೆ ಹಾಕಿದರೆ ಆಳ ಹೆಚ್ಚು, ಊಟದ ತಟ್ಟೆಗೆ ಹಾಕಿದರೆ ಆಳ ಕಡಿಮೆ. ನೀರು ಮಾತ್ರ ಅಷ್ಟೇ. ರೇಖೆಯ ಆಳವನ್ನು ಬಿಟ್ಟು ಅದರ ಒಟ್ಟು ವಿಸ್ತೀರ್ಣ ಅಳೆಯಿರಿ. ಇದಕ್ಕೆ ಸಮಾನ ಅಗಲ ಎನ್ನುತ್ತಾರೆ. ಹೊರಗಿನ ಬೆಳಕು ಸೇರಿದ್ದರೆ ವಿಸ್ತೀರ್ಣವೂ ಕುಗ್ಗಿರುತ್ತದೆ. ಬರೀ ಮಸುಕಾಗಿದ್ದರೆ ವಿಸ್ತೀರ್ಣ ಉಳಿದು ಆಳ ಮಾತ್ರ ಹೋಗಿರುತ್ತದೆ. ನಮ್ಮದು ಎರಡನೆಯದು. ವಿಸ್ತೀರ್ಣ ಎರಡರಲ್ಲೂ ಒಂದೇ ಬಂತು.

ಆಮೇಲೆ ನಿಯಾನ್ ದೀಪದ ಚಿತ್ರಗಳನ್ನು ತೆರೆದೆವು. ಸಂಜೆಯ ಚಿತ್ರದಲ್ಲಿ 5852ರ ರೇಖೆಯ ಅರ್ಧ ಎತ್ತರದ ಅಗಲ 2.6 ಪಿಕ್ಸೆಲ್. ರಾತ್ರಿ ಎರಡೂವರೆಯದರಲ್ಲಿ 4.1. ನಮ್ಮಲ್ಲಿ ಒಂದು ಪಿಕ್ಸೆಲ್ ಎಂದರೆ 3.7 ಆಂಗ್‌ಸ್ಟ್ರಾಂ. 600 ಇದ್ದ ವಿಭೇದನ ಸಾಮರ್ಥ್ಯ 400ಕ್ಕೂ ಕೆಳಗೆ ಇಳಿದಿತ್ತು! ಇದು ಮೊದಲೇ ಏಕೆ ಕಣ್ಣಿಗೆ ಬೀಳಲಿಲ್ಲ? ತಂತ್ರಾಂಶ ನಿಯಾನ್ ರೇಖೆಗಳ ನಡುಬಿಂದುವನ್ನಷ್ಟೇ ನೋಡುತ್ತದೆ. ಮಸುಕಾದ ರೇಖೆಯ ನಡುಬಿಂದುವೂ ತನ್ನ ಜಾಗದಲ್ಲೇ ಇರುತ್ತದೆ. ತರಂಗದೂರದ ಹೊಂದಾಣಿಕೆ ಚೆನ್ನಾಗಿದೆ ಎಂದು ಅದು ಹಸಿರು ಗುರುತು ತೋರಿಸುತ್ತಿತ್ತು. ಅಗಲವನ್ನು ಯಾರೂ ಕೇಳಲಿಲ್ಲ. ತಾಳೆ ನೋಡುವ ಹಂತದಲ್ಲಿ ಮೈಲ್ಸ್ ಸಂಗ್ರಹವನ್ನು 600ಕ್ಕೆ ಮಸುಕಾಗಿಸಿದ್ದೆವು, ಎದುರಿಗಿದ್ದ ಬಿಭಾ 400ರ ಮಸುಕಿನಲ್ಲಿತ್ತು. ಮಸುಕು ಲೋಹದ ಕೊರತೆಯ ವೇಷ ಹಾಕಿಕೊಂಡಿತ್ತು.

ಕಾರಣ ಪ್ಲಾಸ್ಟಿಕ್ ಪೆಟ್ಟಿಗೆ. ಸಂಜೆ ತಾರಸಿಯ ಮೇಲೆ 26 ಡಿಗ್ರಿ, ರಾತ್ರಿ ಎರಡೂವರೆಗೆ 16. ಆ ಬಗೆಯ ಪ್ಲಾಸ್ಟಿಕ್ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಮಸೂರದಿಂದ ಕ್ಯಾಮೆರಾವರೆಗಿನ 15 ಸೆಂಟಿಮೀಟರ್ ಉದ್ದದಲ್ಲಿ ಹತ್ತು ಡಿಗ್ರಿಗೆ 0.1 ಮಿಲಿಮೀಟರ್ ಕುಗ್ಗುತ್ತದೆ. ಫೋಕಸ್ ಕೆಡಲು ಅದು ಸಾಕು. ಊಹೆಯ ಮೇಲೆ ನಿಲ್ಲಬಾರದೆಂದು ಹಗಲಿನಲ್ಲಿ ಪರೀಕ್ಷೆ ಮಾಡಿದೆವು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ರೋಹಿತದರ್ಶಕವನ್ನು ಇಟ್ಟು, ಪಕ್ಕದಲ್ಲಿ ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿಯ ತುಂಬ ಮಂಜುಗಡ್ಡೆ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ನಿಯಾನ್ ಚಿತ್ರ ತೆಗೆದೆವು. 26ರಲ್ಲಿ 2.6 ಪಿಕ್ಸೆಲ್, 22ರಲ್ಲಿ 3, 19ರಲ್ಲಿ 3.6, 16ಕ್ಕೆ ಇಳಿದಾಗ 4. ಮಂಜುಗಡ್ಡೆ ತೆಗೆದಾಗ ಅಗಲ ತಾನಾಗಿಯೇ ವಾಪಸು ಬಂತು. ಆ ಸಂಖ್ಯೆಗಳು ಒಂದೊಂದಾಗಿ ಇಳಿದುಬರುವುದನ್ನು ನೋಡುತ್ತಿದ್ದಾಗ ಆದ ಸಂತೋಷ ಗ್ರಹ ಕಂಡುಹಿಡಿದವರಿಗೆ ಆಗುವುದಕ್ಕಿಂತ ಕಡಿಮೆಯದಾಗಿರಲಾರದು.

ಪರಿಹಾರ ಸರಳ. ಸೂರ್ಯ ಮುಳುಗುವ ಮೊದಲೇ ಪೆಟ್ಟಿಗೆಯನ್ನು ಹೊರಗಿಡಿ. ಪ್ರತಿ ನಕ್ಷತ್ರಕ್ಕೂ ಮೊದಲು ನಿಯಾನ್ ರೇಖೆ ನೋಡುತ್ತ ಫೋಕಸ್ ಮಾಡಿ. ನಕ್ಷತ್ರದ ಚಿತ್ರಗಳ ಹಿಂದೊಂದು ಮುಂದೊಂದು ನಿಯಾನ್ ಚಿತ್ರ ತೆಗೆದು ಅಗಲ ಬರೆದಿಡಿ, ತಾಳೆ ನೋಡುವಾಗ ಆ ಹೊತ್ತಿನ ಅಗಲವನ್ನೇ ತಂತ್ರಾಂಶಕ್ಕೆ ಕೊಡಿ. ಇಬ್ಬನಿ ಬೀಳುವ ರಾತ್ರಿ ಮಸೂರದ ಮೇಲೂ ತೇವ ಕೂರುತ್ತದೆ; ಆಗ ರೇಖೆ ಅಗಲವಾಗುವುದಕ್ಕಿಂತ ಹೆಚ್ಚಾಗಿ ಒಟ್ಟು ಬೆಳಕು ಇಳಿಯುತ್ತದೆ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ರೇಖೆಗಳು ಜಾಗ ಬಿಟ್ಟು ಕದಲಿದ್ದರೆ

ಎಲ್ಲ ರೇಖೆಗಳೂ ಸೆಕೆಂಡಿಗೆ 83 ಕಿಲೋಮೀಟರ್ ವೇಗಕ್ಕೆ ಸಮನಾಗಿ ಪಕ್ಕಕ್ಕೆ ಸರಿದಿದ್ದರೆ ನಕ್ಷತ್ರ ಓಡುತ್ತಿದೆ ಎಂದು ಬರೆಯುವ ಮುನ್ನ ತಡೆಯಿರಿ. ಗಾಳಿಯಲ್ಲಿನ ತರಂಗದೂರಕ್ಕೂ ನಿರ್ವಾತದಲ್ಲಿನ ತರಂಗದೂರಕ್ಕೂ ಇರುವ ವ್ಯತ್ಯಾಸ ಅದು. ಜಲಜನಕದ ಕೆಂಪು ರೇಖೆ ಗಾಳಿಯಲ್ಲಿ 6562.8, ನಿರ್ವಾತದಲ್ಲಿ 6564.6. ‘ಸ್ಲೋನ್’ ಎಂಬ ಆಕಾಶ ಸಮೀಕ್ಷೆಯ ರೋಹಿತಗಳು ನಿರ್ವಾತದ ಲೆಕ್ಕದಲ್ಲಿವೆ. ನಿಮ್ಮ ರೇಖಾಪಟ್ಟಿ ಗಾಳಿಯದ್ದಾಗಿದ್ದರೆ ಈ ತಪ್ಪು ಖಚಿತ. ಸಂಗ್ರಹದಿಂದ ಇಳಿಸಿಕೊಂಡ ಕಡತದ ತಲೆಬರಹವನ್ನು ಓದದೆ ಕೆಲಸ ಶುರುಮಾಡಬೇಡಿ.

ತಿಂಗಳಿಂದ ತಿಂಗಳಿಗೆ ನಿಧಾನವಾಗಿ ತೂಗಾಡುವ ಪಲ್ಲಟವಾದರೆ ಅದು ನಮ್ಮ ಭೂಮಿಯದೇ. ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೇವೆ. 6563ರಲ್ಲಿ ಇದು 0.66 ಆಂಗ್‌ಸ್ಟ್ರಾಂ. ನಮ್ಮ 600ರ ಉಪಕರಣಕ್ಕೆ ಇದು ಕಾಣುವುದೇ ಇಲ್ಲ. 60,000ದ ರೋಹಿತದಲ್ಲಿ ತಿದ್ದದಿದ್ದರೆ ಎಲ್ಲವೂ ಹಾಳು. ರಾತ್ರಿಯೊಳಗೆ ಅಡ್ಡಾದಿಡ್ಡಿಯಾಗಿ ಕದಲಿದರೆ ನಕ್ಷತ್ರ ಸ್ಲಿಟ್‌ನ ಈ ಅಂಚಿನಿಂದ ಆ ಅಂಚಿಗೆ ಅಲೆಯುತ್ತಿದೆ. ಗೈಡಿಂಗ್ (ನಕ್ಷತ್ರವನ್ನು ಸ್ಲಿಟ್‌ನಲ್ಲೇ ಹಿಡಿದಿಡುವ ವ್ಯವಸ್ಥೆ) ಸರಿಮಾಡಿ.

ಉಪಕರಣ ಸರಿಯಿದ್ದೂ ಸಂಖ್ಯೆ ತಪ್ಪಿದರೆ

ಈಗ ಸಾರ್ವಜನಿಕ ಸಂಗ್ರಹಗಳಿಂದ ದೊಡ್ಡ ದೂರದರ್ಶಕಗಳ ರೋಹಿತ ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲೇ ಅಳೆಯುವ ವಿದ್ಯಾರ್ಥಿಗಳು ಹೆಚ್ಚುತ್ತಿದ್ದಾರೆ. ಅವರಿಗೆ ಫೋಕಸ್‌ನ ಕಾಟವಿಲ್ಲ, ಬೇರೆ ಕಾಟವಿದೆ: ತಾಪ, ಮೇಲ್ಮೈ ಗುರುತ್ವ, ಲೋಹಾಂಶ, ಈ ಮೂರೂ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತವೆ. ತಾಪವನ್ನು ಜಾಸ್ತಿ ಹಿಡಿದರೆ ಲೋಹದ ರೇಖೆಗಳು ತೆಳುವಾಗಬೇಕು. ಅದನ್ನು ಸರಿದೂಗಿಸಲು ತಂತ್ರಾಂಶ ಲೋಹವನ್ನು ಏರಿಸುತ್ತದೆ, ಜೊತೆಗೆ ಗುರುತ್ವವನ್ನೂ ಏರಿಸುತ್ತದೆ. ಕೊನೆಗೆ ಹೊಂದಾಣಿಕೆ ಸೊಗಸಾಗಿ ಕಾಣುತ್ತದೆ, ಮೂರೂ ಸಂಖ್ಯೆಗಳು ತಪ್ಪಾಗಿರುತ್ತವೆ.

ಮೂರರಲ್ಲಿ ಒಂದನ್ನು ಹೊರಗಿನ ಗೂಟಕ್ಕೆ ಕಟ್ಟಿಹಾಕುವುದೇ ಉಪಾಯ. ಗುರುತ್ವಕ್ಕೆ ಒಳ್ಳೆಯ ಗೂಟ ಗಾಯಾ ಉಪಗ್ರಹ ಕೊಟ್ಟಿರುವ ದೂರ. ದೂರ ಗೊತ್ತಾದರೆ ನಿಜವಾದ ಹೊಳಪು, ಹೊಳಪು ಮತ್ತು ತಾಪದಿಂದ ತ್ರಿಜ್ಯ, ತ್ರಿಜ್ಯ ಮತ್ತು ದ್ರವ್ಯರಾಶಿಯಿಂದ ಗುರುತ್ವ. ಗ್ರಹ ನಕ್ಷತ್ರದ ಮುಂದೆ ಹಾದುಹೋಗುವಂಥದ್ದಾದರೆ ಆ ಸಂಕ್ರಮಣದ ಆಕಾರವೇ ನಕ್ಷತ್ರದ ಸಾಂದ್ರತೆ ಹೇಳುತ್ತದೆ. ರೋಹಿತದಿಂದಲೇ ಅಳೆಯಬೇಕಿದ್ದರೆ ಕಬ್ಬಿಣದ ತಟಸ್ಥ ಪರಮಾಣುವಿನ ರೇಖೆಗಳೂ ಎಲೆಕ್ಟ್ರಾನ್ ಕಳೆದುಕೊಂಡ ಅಯಾನಿನ ರೇಖೆಗಳೂ ಒಂದೇ ಕಬ್ಬಿಣಾಂಶ ಕೊಡುವವರೆಗೆ ಗುರುತ್ವವನ್ನು ಹೊಂದಿಸಬೇಕು. 1920ರಲ್ಲಿ ಮೇಘನಾದ ಸಾಹಾ ಬರೆದ ಸಮೀಕರಣದ ಮೇಲೇ ಈ ವಿಧಾನ ನಿಂತಿದೆ. ತಾಪಕ್ಕೆ 6563ರ ರೇಖೆಯ ಅಗಲವಾದ ರೆಕ್ಕೆಗಳು ಒಳ್ಳೆಯ ಸಾಕ್ಷಿ. ಸೂರ್ಯನಂಥ ನಕ್ಷತ್ರಗಳಲ್ಲಿ ಅವು ಗುರುತ್ವಕ್ಕೂ ಲೋಹಕ್ಕೂ ಹೆಚ್ಚು ಬಗ್ಗುವುದಿಲ್ಲ. ಆದರೆ ಎಷೆಲ್ ರೋಹಿತದ ತುಂಡುಗಳನ್ನು ಹೊಲಿದಿರುವ ಜಾಗ ಆ ರೆಕ್ಕೆಯ ಮೇಲೇ ಬಿದ್ದಿದ್ದರೆ ನಂಬಬೇಡಿ.

ಇಷ್ಟೆಲ್ಲ ಏಕೆ ಬೇಕು? ಹೊಳಪು ಗೊತ್ತಿರುವ ನಕ್ಷತ್ರದ ತಾಪ 5600 ಇದ್ದದ್ದನ್ನು 5900 ಎಂದು ಬರೆದರೆ ತ್ರಿಜ್ಯ ನೂರಕ್ಕೆ ಹತ್ತು ಕುಗ್ಗುತ್ತದೆ, ಗ್ರಹವೂ ಅಷ್ಟೇ ಕುಗ್ಗುತ್ತದೆ. ಕೆಪ್ಲರ್ ಬಾಹ್ಯಾಕಾಶ ದೂರದರ್ಶಕ ಕಂಡ 1305 ನಕ್ಷತ್ರಗಳ ರೋಹಿತಗಳನ್ನು ಹವಾಯಿಯ ಕೆಕ್ ದೂರದರ್ಶಕದಲ್ಲಿ ತೆಗೆದು ತ್ರಿಜ್ಯಗಳನ್ನು ತಿದ್ದಿದಾಗ, 2017ರಲ್ಲಿ, ಭೂಮಿಯ ಒಂದೂವರೆಯಿಂದ ಎರಡು ಪಟ್ಟಿನ ನಡುವಣ ಗ್ರಹಗಳು ವಿರಳ ಎಂಬುದು ಎದ್ದು ಕಂಡಿತು. ಅಲ್ಲಿಯವರೆಗೆ ಆ ಕಂದರ ಅಳತೆಯ ತಪ್ಪುಗಳಲ್ಲಿ ಹೂತುಹೋಗಿತ್ತು.

ದೈತ್ಯವನ್ನು ಕುಬ್ಜವೆಂದು ಬಗೆದರೆ ಇನ್ನೂ ದೊಡ್ಡ ಅನಾಹುತ. ಸೂರ್ಯನಷ್ಟೇ ಇರುವ ನಕ್ಷತ್ರದ ಬೆಳಕು ನೂರಕ್ಕೆ ಒಂದು ಕುಂದಿದರೆ ಅಡ್ಡ ಬಂದದ್ದು ಗುರುವಿನಂಥ ಗ್ರಹ. ನಕ್ಷತ್ರ ಸೂರ್ಯನ ಹತ್ತು ಪಟ್ಟಿದ್ದರೆ ಅಷ್ಟೇ ಕುಂದಿಗೆ ಸೂರ್ಯನಷ್ಟು ದೊಡ್ಡದೇ ಅಡ್ಡ ಬರಬೇಕು, ಅದು ಗ್ರಹವಲ್ಲ. ಕಿತ್ತಳೆ ಬಣ್ಣದ ನಕ್ಷತ್ರಗಳಲ್ಲಿ 5170ರ ಬಳಿಯ ಮೆಗ್ನೀಸಿಯಂ ಗುಂಪು ಗಾಢವಾಗಿದ್ದರೆ ಕುಬ್ಜ, ತೆಳುವಾಗಿದ್ದರೆ ದೈತ್ಯ. ಸ್ವಾತಿ ನಕ್ಷತ್ರವನ್ನು ಒಮ್ಮೆ ತೆಗೆದಿಟ್ಟುಕೊಂಡರೆ ದೈತ್ಯ ಹೇಗಿರುತ್ತದೆ ಎಂಬುದಕ್ಕೆ ಮಾದರಿ ಸಿಗುತ್ತದೆ. ಇದಕ್ಕೆ 600ರ ಉಪಕರಣ ಧಾರಾಳ ಸಾಕು.

ದೋಷ ನಕ್ಷತ್ರದಲ್ಲೇ ಇದ್ದರೆ

ಆಮ್ಲಜನಕದ ಪಟ್ಟಿ ಚೂಪಾಗಿದ್ದು ನಕ್ಷತ್ರದ ರೇಖೆಗಳು ಮಾತ್ರ ಅಗಲವಾಗಿದ್ದರೆ ನಕ್ಷತ್ರ ವೇಗವಾಗಿ ತಿರುಗುತ್ತಿದೆ. ಇದನ್ನು ಕಾಣಲು ಎಷೆಲ್ ರೋಹಿತವೇ ಬೇಕು. ಸೂರ್ಯ ತಿರುಗುವುದು ಸೆಕೆಂಡಿಗೆ ಎರಡು ಕಿಲೋಮೀಟರ್ ವೇಗದಲ್ಲಿ. ಮೂವತ್ತು ನಲವತ್ತು ಬಂದರೆ ಗ್ರಹದ ಎಳೆತಕ್ಕೆ ನಕ್ಷತ್ರ ಓಲಾಡುವುದನ್ನು ರೇಖೆಗಳ ಕದಲಿಕೆಯಲ್ಲಿ ಹುಡುಕುವ ಡಾಪ್ಲರ್ ಸಮೀಕ್ಷೆಗೆ ಆ ನಕ್ಷತ್ರವನ್ನು ಕೈಬಿಡುವುದೇ ವಾಸಿ. ಗುರುಗ್ರಹ ಸೂರ್ಯನನ್ನು ಎಳೆದಾಡುವುದು ಸೆಕೆಂಡಿಗೆ 12.5 ಮೀಟರ್, ಭೂಮಿ ಎಳೆಯುವುದು 9 ಸೆಂಟಿಮೀಟರ್. ಕಲೆಸಿಹೋದ ರೇಖೆಗಳಲ್ಲಿ ಅದನ್ನು ಹುಡುಕಲಾಗದು. ಪ್ರತಿ ರೇಖೆಯೂ ಜೋಡಿಯಾಗಿದ್ದರೆ ಅಲ್ಲಿ ಎರಡು ನಕ್ಷತ್ರಗಳಿವೆ. ಕ್ಯಾಲ್ಸಿಯಂನ 3934 ಮತ್ತು 3968ರ ಕಣಿವೆಗಳ ತಳದಲ್ಲಿ ಬೆಳಕು ಉಕ್ಕಿದ್ದರೆ ನಕ್ಷತ್ರದ ಮೈತುಂಬ ಕಾಂತಕ್ಷೇತ್ರದ ಗಲಭೆ. 6708ರಲ್ಲಿ ಲಿಥಿಯಂ ಗಾಢವಾಗಿದ್ದರೆ ಎಳೆಯ ವಯಸ್ಸು. ಇಂಥ ನಕ್ಷತ್ರಗಳ ಮೈಮೇಲಿನ ಕಪ್ಪು ಕಲೆಗಳು ಇಲ್ಲದ ಗ್ರಹವನ್ನು ಇದ್ದಂತೆ ತೋರಿಸಿಬಿಡುತ್ತವೆ.

ದಾಖಲೆ ಪುಸ್ತಕ

ತಾರಸಿಯ ಬಾಗಿಲಿನ ಮೊಳೆಗೆ ನೇತುಹಾಕಿರುವ ನಮ್ಮ ದಾಖಲೆ ಪುಸ್ತಕದಲ್ಲಿ ಮೊದಲು ನಾಲ್ಕು ಕಾಲಂಗಳಿದ್ದವು: ನಕ್ಷತ್ರ, ಹೊತ್ತು, ಎಷ್ಟು ಸೆಕೆಂಡಿನ ಚಿತ್ರ, ಎಷ್ಟು ಚಿತ್ರ. ಈಗ ಇನ್ನು ಮೂರನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸೇರಿಸಿದ್ದೇವೆ: ಪೆಟ್ಟಿಗೆಯ ತಾಪ, ನಿಯಾನ್ ರೇಖೆಯ ಅಗಲ, ಆಮ್ಲಜನಕದ ಪಟ್ಟಿಯ ಆಳ. ಬಿಭಾವನ್ನು ಮತ್ತೆ ಹಿಡಿದ ರಾತ್ರಿಯ ಸಾಲನ್ನು ಶಿರಾದ ಹುಡುಗಿಯೇ ಬರೆದಿದ್ದಾಳೆ: ಹೊತ್ತು ಒಂದೂವರೆ, ಪೆಟ್ಟಿಗೆ 17 ಡಿಗ್ರಿ, ನಿಯಾನ್ 2.7 ಪಿಕ್ಸೆಲ್, ಆಮ್ಲಜನಕ ಬೆಳದಿಂಗಳಿನಷ್ಟೇ. ಲೋಹಾಂಶವನ್ನು ಮರುದಿನ ಬೇರೆ ಪೆನ್ನಿನಲ್ಲಿ ತುಂಬಿದ್ದಾಳೆ: ಪ್ಲಸ್ 0.2.